ಗುಂಡುಕಲ್ಲಿನ ಹಾಗೆ

ಕನ್ನಡದಲ್ಲಿ 'ದಕ್ಕು' ಎಂಬ ಕ್ರಿಯಾಪದವೊಂದಿದೆ. ಎರಡೇ ಅಕ್ಷರದ ಈ ಮಾತಿನ ಅರ್ಥವನ್ನು ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಪ್ರಶ್ನಪತ್ರಿಕೆಯಲ್ಲಿ ಅದಕ್ಕೆ ಸ್ಥಾನವೂ ಇಲ್ಲ. ಆದರೆ ಅದು ಹೊತ್ತಿರುವ ಹೊರೆ ಸಾಮಾನ್ಯವಾದುದಲ್ಲ. ವ್ಯಾಜ್ಯಕ್ಕೆ ಸಿಕ್ಕಿದ ಹೊಲ ಕಡೆಗೆ ನಮ್ಮ ಕೈಯಲ್ಲೇ ಉಳಿದರೆ 'ದಕ್ಕಿತು' ಎನ್ನುತ್ತೇವೆ. ಉಂಡ ಅನ್ನ ಹೊಟ್ಟೆಯಲ್ಲಿ ನಿಂತು ಅರಗಿದರೂ 'ದಕ್ಕಿತು' ಎನ್ನುತ್ತೇವೆ. ಹೆತ್ತ ಮಗು ಬದುಕಿ ಉಳಿದರೂ ಅದೇ ಮಾತು. ಹಳೆಯ ಕಾಲದ ಹೆಂಗಸರನ್ನು ಮಕ್ಕಳೆಷ್ಟೆಂದು ಕೇಳಿದರೆ ಬರುತ್ತಿದ್ದ ಉತ್ತರದಲ್ಲಿ ಎರಡು ಅಂಕಿಗಳಿರುತ್ತಿದ್ದುವು: ಹೆತ್ತದ್ದು ಒಂಬತ್ತು, ದಕ್ಕಿದ್ದು ನಾಲ್ಕು. ಆಸ್ತಿ, ಅನ್ನ, ಮಗು, ಈ ಮೂರಕ್ಕೂ ಒಂದೇ ಕ್ರಿಯಾಪದವನ್ನು ಬಳಸಿದ ಜನ, ಮೂರನ್ನೂ ಯಾವ ಗಳಿಗೆಯಲ್ಲಾದರೂ ಕಳೆದುಕೊಳ್ಳಬಹುದೆಂಬುದನ್ನು ಬಲ್ಲವರಾಗಿದ್ದರು.

ಈ ಅರಿವು ನಮ್ಮ ಹೆಸರುಗಳಲ್ಲಿಯೂ ಅಡಗಿದೆ. ಒಂದೆರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಮುಂದಿನ ಮಗುವಿಗೆ ಗುಂಡ ಎಂದೋ, ಕಲ್ಲ ಎಂದೋ, ತಿಪ್ಪ ಎಂದೋ ಹೆಸರಿಡುತ್ತಿದ್ದಳು. ತಿಪ್ಪೆಯ ಮೇಲೆ ಬಿದ್ದುದನ್ನು ಮೃತ್ಯು ಮುಟ್ಟಲಾರದು, ಗುಂಡುಕಲ್ಲನ್ನು ಕಚ್ಚಿದರೆ ಅದರ ಹಲ್ಲೇ ಮುರಿದೀತು ಎಂಬುದು ಆ ತಾಯಿಯ ಲೆಕ್ಕಾಚಾರ. 'ಗುಂಡುಕಲ್ಲಿನ ಹಾಗಿರು' ಎಂಬ ಆಶೀರ್ವಾದ ಹುಟ್ಟಿದ್ದೂ ಇಂಥ ಮನೆಗಳಲ್ಲಿಯೇ ಇರಬೇಕು. ಮೈಕೈ ತುಂಬಿಕೊಂಡ ಮಗುವನ್ನು ಕಂಡರೆ ನಮ್ಮವರು ಹಿಗ್ಗುತ್ತಾರೆ. ಹಿಗ್ಗಿದ ಮರುಕ್ಷಣವೇ ದೃಷ್ಟಿಯಾದೀತೆಂದು ಹೆದರಿ ಕೆನ್ನೆಗೊಂದು ಕಪ್ಪು ಬೊಟ್ಟಿಡುತ್ತಾರೆ. ಸೊರಗಿದ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಉತ್ಸಾಹವನ್ನು ನಾನಂತೂ ಕಂಡಿಲ್ಲ. ಅದನ್ನು ನೋಡಿ ಕರುಬುವವರಾದರೂ ಯಾರು!

ದುಂಡು ಮಗುವಿನ ಮೇಲೆ ನಮಗಿರುವ ಈ ವ್ಯಾಮೋಹವನ್ನು ಇಂದಿನ ವೈದ್ಯರು ಅಜ್ಞಾನವೆಂದು ಕರೆಯುತ್ತಾರೆ. ನಾನು ಹಾಗೆ ಕರೆಯಲಾರೆ. ನನ್ನ ಮಟ್ಟಿಗೆ ಅದು ಒಂದು ನೆನಪು; ಸಾಂಕ್ರಾಮಿಕ ರೋಗಗಳು ಊರೂರನ್ನು ಬಳಿದುಕೊಂಡು ಹೋದ ಕಾಲದ ನೆನಪು. ಹಾಗೆನ್ನಲು ಕಾರಣ ನನ್ನ ಅಜ್ಜಿ.

ಅಜ್ಜಿಗೆ ಈಗ ಎಂಬತ್ತೇಳು ವರ್ಷ. ಹುಟ್ಟಿ ಬೆಳೆದುದು ಅರಸೀಕೆರೆಯ ಕಡೆಯ ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಒಡಹುಟ್ಟಿದವರು ಏಳು ಮಂದಿ, ದಕ್ಕಿದವರು ಮೂವರು. ಒಬ್ಬ ಅಣ್ಣನನ್ನು ಸಿಡುಬು ಒಯ್ದಿತು. ಉಳಿದವರ ಪೈಕಿ ಒಬ್ಬ ತಂಗಿಯ ಕಥೆಯನ್ನು ಅವಳು ಪದೇ ಪದೇ ಹೇಳುವುದುಂಟು. ಆ ವರ್ಷ ಮಳೆ ಕೈಕೊಟ್ಟಿತ್ತು. ಅಂಬಲಿಯಲ್ಲಿ ರಾಗಿಗಿಂತ ನೀರೇ ಹೆಚ್ಚಾಗಿತ್ತು. ಅಂಥ ಹೊತ್ತಿನಲ್ಲಿ ಊರಿಗೆ ದಡಾರ ಬಂತು. "ಪಟೇಲರ ಮನೆ ಮಗೀಗೂ ಬಂತು, ನಮ್ಮ ಮನೆ ಮಗೀಗೂ ಬಂತು. ಅದೇ ಗುಳ್ಳೆ, ಅದೇ ಜ್ವರ. ಅವರ ಮಗು ಹದಿನೈದು ದಿವ್ಸಕ್ಕೆ ಎದ್ದು ಆಡ್ತು. ನನ್ನ ತಂಗಿಗೆ ದಡಾರ ಇಳಿದ ಮೇಲೆ ಭೇದಿ ಹತ್ತಿಕೊಳ್ತು, ನಿಲ್ಲಲೇ ಇಲ್ಲ. ಮೈಯಲ್ಲಿ ಇದ್ದೋರು ಉಳ್ಕೊಂಡ್ರು ಕಣಪ್ಪಾ, ಇಲ್ಲದೋರು ಹೋದ್ರು" ಎನ್ನುತ್ತಾಳೆ.

ಓದುಬರಹವಿಲ್ಲದ ನನ್ನ ಅಜ್ಜಿ ಹೇಳಿದ ಈ ಮಾತನ್ನೇ ದೊಡ್ಡ ವಿದ್ವಾಂಸರು ಗ್ರಂಥರೂಪದಲ್ಲಿ ಹೇಳಿದ್ದಾರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ನೆವಿನ್ ಸ್ಕ್ರಿಮ್‌ಷಾ, ಕಾರ್ಲ್ ಟೇಲರ್, ಜಾನ್ ಗಾರ್ಡನ್ ಎಂಬ ಮೂವರು ಬರೆದ ಪುಸ್ತಕವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿತು. ಆಹಾರದ ಕೊರತೆ ಮತ್ತು ಸೋಂಕು ಬೇರೆ ಬೇರೆ ಶತ್ರುಗಳಲ್ಲ, ಒಂದರ ಕೈಯನ್ನು ಇನ್ನೊಂದು ಬಲಪಡಿಸುತ್ತದೆ ಎಂಬುದು ಅದರ ಸಾರ. ಹಸಿದ ಮೈ ಸೋಂಕನ್ನು ತಡೆಯಲಾರದು; ಸೋಂಕು ತಗಲಿದ ಮೈ ಉಂಡದ್ದನ್ನು ದಕ್ಕಿಸಿಕೊಳ್ಳಲಾರದು. ಹೀಗೆ ಸುತ್ತುತ್ತ ಸುತ್ತುತ್ತ ಮಗು ಕೆಳಕ್ಕಿಳಿಯುತ್ತದೆ. ಈ ಮೂವರಲ್ಲಿ ಟೇಲರ್ ಅವರು ಹುಟ್ಟಿದುದೇ ನಮ್ಮ ಹಿಮಾಲಯದ ಮಡಿಲಿನ ಮಸ್ಸೂರಿಯಲ್ಲಿ. ಮುಂದೆ ಪಂಜಾಬಿನ ನಾರಂಗ್‌ವಾಲ್ ಸುತ್ತಣ ಹಳ್ಳಿಗಳಲ್ಲಿ ಇದೇ ವಿಷಯವನ್ನು ಕುರಿತು ಅವರು ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಅಜ್ಜಿ ಕಂಡದ್ದು ಒಂದು ಊರು, ಒಂದು ದಡಾರ. ಅವರು ಕಂಡದ್ದು ಜಗತ್ತು. ಆದರೆ ತೀರ್ಮಾನ ಒಂದೇ: ಮೈಯಲ್ಲಿ ಇದ್ದವರು ಉಳಿದರು.

ಆದ್ದರಿಂದ ಮಗುವಿನ ಬಾಯಿಗೆ ಇನ್ನೊಂದು ತುತ್ತು ತುರುಕುವ ಅಜ್ಜಿಯ ಕೈ ಕೇವಲ ಮುದ್ದಿನ ಕೈಯಲ್ಲ. ಮುಂದೆಂದೋ ಬರಲಿರುವ ರೋಗಕ್ಕೆ ಮುಂಗಡವಾಗಿ ಕಂದಾಯ ಕಟ್ಟುತ್ತಿರುವ ಕೈ ಅದು.

ಕಾಲ ಬದಲಾಯಿತು. 1971ರಲ್ಲಿ, ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಬಂಗಾಳದ ಬೊಂಗಾವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿಯೇ ಕಾಲರಾ ರೋಗಿಗಳನ್ನು ಬದುಕಿಸಬಹುದೆಂದು ತೋರಿಸಿಕೊಟ್ಟರು. 1975ರಲ್ಲಿ ಭಾರತದ ಕಡೆಯ ಸಿಡುಬು ರೋಗಿ ಗುಣ ಹೊಂದಿದಳು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂಬ ಘೋಷಣೆಯಾಯಿತು. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವೆನಿಸಿತು. ದಡಾರದ ಚುಚ್ಚುಮದ್ದು ಹಳ್ಳಿಹಳ್ಳಿಯನ್ನು ಮುಟ್ಟಿತು. ಮಕ್ಕಳು ದಕ್ಕತೊಡಗಿದರು. ಆದರೆ ಭಯ ಹೋದಷ್ಟು ಬೇಗ ಭಯದಿಂದ ಹುಟ್ಟಿದ ಅಭ್ಯಾಸ ಹೋಗುವುದಿಲ್ಲ. ನದಿ ಬತ್ತಿದ ಮೇಲೂ ಜನ ಹಳೆಯ ಸೇತುವೆಯ ಮೇಲೆಯೇ ನಡೆಯುತ್ತಾರೆ.

ಇಂದಿನ ಅಂಕಿಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಜಗತ್ತಿನಲ್ಲಿ 5ರಿಂದ 19 ವರ್ಷದೊಳಗಿನ ಮಕ್ಕಳಲ್ಲಿ ಅತಿಸ್ಥೂಲರಾದವರು 1990ರಲ್ಲಿ ಸುಮಾರು 3 ಕೋಟಿ 10 ಲಕ್ಷ. 2022ರಲ್ಲಿ ಸುಮಾರು 16 ಕೋಟಿ. ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಮೀರಿದವರು 2015-16ರಲ್ಲಿ ನೂರಕ್ಕೆ 2.1 ಇದ್ದುದು 2019-21ರ ವೇಳೆಗೆ 3.4ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ನೂರಕ್ಕೆ 35.5. ಒಂದೇ ನಾಡು, ಒಂದೇ ಪುಸ್ತಕ, ಒಂದೇ ಪುಟ. ಹಸಿವೂ ಅಲ್ಲಿದೆ, ಅತಿಯೂ ಅಲ್ಲಿದೆ.

ಭಾಷೆಯ ಅಧ್ಯಾಪಕನಾದ ನನಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಮಗು ಬಡಕಲಾದರೆ ಅದನ್ನು ಹೇಳಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ: ಸೊರಗಿದೆ, ಬತ್ತಿದೆ, ನರಪೇತಲವಾಗಿದೆ, ಮೂಳೆ ಚಕ್ಕಳವಾಗಿದೆ. ಮಗು ಅತಿಯಾಗಿ ದಪ್ಪವಾದರೆ? ಗುಂಡುಗುಂಡಗಿದೆ, ಮೈತುಂಬಿಕೊಂಡಿದೆ, ದಷ್ಟಪುಷ್ಟವಾಗಿದೆ. ಎಲ್ಲವೂ ಹೊಗಳಿಕೆಯೇ. ಬೊಜ್ಜು ಎಂಬುದೊಂದಿದೆ, ನಿಜ. ಆದರೆ ಅದು ನಡುವಯಸ್ಸಿನ ಗೃಹಸ್ಥರ ಹೊಟ್ಟೆಗೆ ಮೀಸಲಾದ ಮಾತು. ವೃತ್ತಪತ್ರಿಕೆಗಳು 'ಬಾಲ್ಯದ ಸ್ಥೂಲಕಾಯತೆ' ಎಂದು ಬರೆಯುತ್ತವೆ. ಯಾವ ಅಡಿಗೆಮನೆಯಲ್ಲಿ ಯಾವ ತಾಯಿ ಈ ಸಮಾಸಪದವನ್ನು ಉಚ್ಚರಿಸಿಯಾಳು? ಮನೆಮಾತಿನಲ್ಲಿ ಹೆಸರಿಲ್ಲದ ರೋಗ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಸಿಡುಬಿಗೆ ಹೆಸರಿತ್ತು, ಗುಡಿಯಿತ್ತು, ಜಾತ್ರೆಯಿತ್ತು. ಅದು ಬಂದರೆ ಊರಿಗೇ ತಿಳಿಯುತ್ತಿತ್ತು. ಇದು ಬರುವುದು ಹೊಗಳಿಕೆಯ ವೇಷದಲ್ಲಿ.

ಕಣ್ಣನ್ನು ನಂಬಲಾಗದಿದ್ದಾಗ ತಕ್ಕಡಿಯನ್ನು ನಂಬಬೇಕು. ಈ ಮಾತಿಗೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ ಎಂಬುದು ಬಹಳ ಮಂದಿಗೆ ತಿಳಿಯದು. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಬರೆದ ದಾದಿಯರಿಗೆ ಅದರಿಂದ ಮುಂದೆ ಏನಾದೀತೆಂಬ ಕಲ್ಪನೆ ಇದ್ದಿರಲಾರದು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಅಲ್ಲಿ ಪೌಂಡುಗಳ ಲೆಕ್ಕದಲ್ಲಿದ್ದ ಶಿಶುಗಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿಕೊಂಡು ಹೋದರು. ಶಿಶುಗಳು ಆಗ ನಡುವಯಸ್ಸಿನವರಾಗಿದ್ದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ಮೀರಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಗರ್ಭದಲ್ಲಿ ಉಂಡ ಬಡತನ ಐವತ್ತು ವರ್ಷಗಳ ಮೇಲೆ ಎದೆಯಲ್ಲಿ ಸಾಲ ಕೇಳಲು ಬಂದಿತ್ತು.

ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳನ್ನು ಹುಟ್ಟಿದಂದಿನಿಂದ ಅಳೆಯುತ್ತ ಬಂದರು. ಮೈಸೂರಿನ ಶಿಶು ಬ್ರಿಟನ್ನಿನ ಶಿಶುವಿಗಿಂತ ಹಗುರ, ಗಿಡ್ಡ. ಆದರೆ ಬೆನ್ನಿನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಪುಣೆಯಲ್ಲಿ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಅವರೂ ಇದನ್ನೇ ಕಂಡರು. ಹೊರಗೆ ಬಡಕಲು, ಒಳಗೆ ಕೊಬ್ಬು. ಅವರು ತಮ್ಮ ಬ್ರಿಟಿಷ್ ಸಹೋದ್ಯೋಗಿ ಯಡ್‌ಕಿನ್ ಅವರೊಡನೆ ನಿಂತು ತೆಗೆಸಿಕೊಂಡು 2004ರಲ್ಲಿ ಪ್ರಕಟಿಸಿದ ಭಾವಚಿತ್ರವೊಂದು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರದೂ ಒಂದೇ. ಆದರೆ ಮೈಯ ಕೊಬ್ಬು ಒಬ್ಬರಲ್ಲಿ ನೂರಕ್ಕೆ 9.1, ಭಾರತೀಯರಲ್ಲಿ 21.2. ಪೀಳಿಗೆಗಳ ಬರವನ್ನು ಉಂಡ ಮೈ, ಸಿಕ್ಕಿದ್ದನ್ನೆಲ್ಲ ಕೂಡಿಡುವ ಜಿಪುಣನ ಪೆಟ್ಟಿಗೆಯಾಗಿದೆ. ಅಂಥ ಪೆಟ್ಟಿಗೆಗೆ ಒಮ್ಮೆಲೇ ಸಮೃದ್ಧಿಯನ್ನು ಸುರಿದರೆ ಏನಾದೀತು?

ಅದನ್ನು ನಾನು ಮನೆಯಲ್ಲಿಯೇ ಕಂಡೆ. 2020ರ ಮಾರ್ಚಿಯಲ್ಲಿ ಕೊರೋನಾ ಬಂದು ಶಾಲೆ ಕಾಲೇಜುಗಳು ಬಾಗಿಲು ಮುಚ್ಚಿದಾಗ ನಾವು ಮೈಸೂರಿನಿಂದ ಊರಿಗೆ ಹೋದೆವು. ನನ್ನ ಮಗನಿಗೆ ಆಗ ಆರು ವರ್ಷ. ನಾನು ಅಟ್ಟದ ಕೋಣೆಯಲ್ಲಿ ಕುಳಿತು, ಕಾಣದ ವಿದ್ಯಾರ್ಥಿಗಳಿಗೆ ಮೊಬೈಲಿನಲ್ಲಿ ಛಂದಸ್ಸನ್ನು ಪಾಠ ಹೇಳುತ್ತಿದ್ದೆ. ಕೆಳಗೆ ನಡುಮನೆಯಲ್ಲಿ ಅವನೂ ಇನ್ನೊಂದು ಮೊಬೈಲಿನ ಮುಂದೆ ಕುಳಿತು ಎಣಿಕೆ ಕಲಿಯುತ್ತಿದ್ದ. ಬೀದಿಯಲ್ಲಿ ಆಡಲು ಮಕ್ಕಳಿಲ್ಲ, ಇದ್ದರೂ ಕೂಡುವಂತಿಲ್ಲ. ಹೊರಗೆ ಸಾಂಕ್ರಾಮಿಕ, ಒಳಗೆ ಮುತ್ತಜ್ಜಿ! ತನ್ನ ಎಳೆತನದಲ್ಲಿ ಕಂಡ ಶತ್ರು ಮತ್ತೆ ಊರ ಬಾಗಿಲಿಗೆ ಬಂದಿದೆಯೆಂದರೆ ಅವಳು ಸುಮ್ಮನಿದ್ದಾಳೆ? ಬೆಲ್ಲ ತುಪ್ಪದ ಮುದ್ದೆ, ಗಟ್ಟಿ ಹಾಲು, ನಡುನಡುವೆ ಅಂಗಡಿಯ ಬಿಸ್ಕತ್ತು. ಕಿರಿಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರಿನ ಕೊನೆಯಲ್ಲಿ. ಆ ವೇಳೆಗೆ ಅವನ ಹಳೆಯ ಸಮವಸ್ತ್ರದ ಗುಂಡಿ ಕಾಜಕ್ಕೆ ಎಟುಕುತ್ತಿರಲಿಲ್ಲ. "ಈಗ ಮಗು ಮಗೂ ಥರ ಕಾಣ್ತಿದೆ" ಎಂದು ಅಜ್ಜಿ ನೆಟಿಗೆ ಮುರಿದಳು.

ಇದು ನಮ್ಮ ಮನೆಯೊಂದರ ಕಥೆಯಾಗಿರಲಿಲ್ಲ. ಅಮೆರಿಕದಲ್ಲಿ 4 ಲಕ್ಷ 32 ಸಾವಿರ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಆ ತಿಂಗಳುಗಳಲ್ಲಿ ಮಕ್ಕಳ ಮೈ ಬೆಳೆದ ವೇಗ ಹಿಂದಿನದರ ಸುಮಾರು ಎರಡರಷ್ಟು. ಒಂದು ಸಾಂಕ್ರಾಮಿಕ ಇನ್ನೊಂದನ್ನು ಹಡೆದಿತ್ತು. ಕ್ರೂರವಾದುದೇನೆಂದರೆ, ಮರಿ ಬೆಳೆದು ತಾಯಿಗೇ ನೆರವಾಗುತ್ತದೆ. 2009ರಲ್ಲಿ ಹಂದಿಜ್ವರವೆಂಬ ಹೊಸ ಇನ್‌ಫ್ಲುಯೆಂಜಾ ಹಬ್ಬಿದಾಗಲೇ ಸ್ಥೂಲಕಾಯರಲ್ಲಿ ಅದು ಉಲ್ಬಣಿಸುವುದನ್ನು ವೈದ್ಯರು ಗುರುತಿಸಿದ್ದರು. ಕೊರೋನಾ ಅದನ್ನು ಮತ್ತೆ ಸ್ಥಿರಪಡಿಸಿತು. ಕೊಬ್ಬೆಂಬುದು ಮೂಲೆಯಲ್ಲಿ ಬಿದ್ದ ಧಾನ್ಯದ ಮೂಟೆಯಲ್ಲ. ಅದು ದೇಹಕ್ಕೆ ಸಂದೇಶಗಳನ್ನು ಕಳುಹಿಸುವ ಜೀವಂತ ಅಂಗಾಂಶ. ಅತಿಯಾದಾಗ ಮೈಯನ್ನು ಸದಾ ಸಣ್ಣ ಉರಿಯಲ್ಲಿ ಇಟ್ಟಿರುತ್ತದೆ. ಸಾವಿರಾರು ವರ್ಷ ಸೋಂಕಿನೆದುರು ಗುರಾಣಿಯಾಗಿದ್ದುದು ಒಂದು ಮಿತಿ ದಾಟಿದೊಡನೆ ಶತ್ರುವಿನ ಪಾಳೆಯಕ್ಕೆ ಸೇರಿಕೊಳ್ಳುತ್ತದೆ.

2024ರ ಮಳೆಗಾಲದಲ್ಲಿ ಕರ್ನಾಟಕದಲ್ಲೆಲ್ಲ ಡೆಂಗ್ಯೂ ಹರಡಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಘೋಷಿಸಿತು. ನನ್ನ ಮಗನಿಗೆ ಹತ್ತು ವರ್ಷ. ಮೂರು ದಿನದ ಸುಡುಜ್ವರ. ನಾಲ್ಕನೆಯ ದಿನ ಹೊಟ್ಟೆನೋವು, ವಾಂತಿ. ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ತಿಳಿದು ಅಜ್ಜಿಯೂ ಊರಿನಿಂದ ಬಂದಳು. ಸಂಜೆ ಹಣೆ ಮುಟ್ಟಿ ನೋಡಿ, "ಜ್ವರ ಬಿಡ್ತು, ಗೆದ್ದ ನನ್ನಪ್ಪ" ಎಂದು ಕೈಮುಗಿದಳು. ಮಕ್ಕಳ ವೈದ್ಯೆ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿವಸವೇ ಗಂಡಾಂತರದ ಹೊತ್ತು. ರಕ್ತನಾಳದಿಂದ ದ್ರವ ಸೋರಿಹೋಗುತ್ತೆ. ಹುಡುಗನ ಎತ್ತರ ಎಷ್ಟು?"

ತೂಕ ಬಿಟ್ಟು ಎತ್ತರವನ್ನೇಕೆ ಕೇಳುತ್ತಾರೆಂದು ನನಗೆ ಆಶ್ಚರ್ಯವಾಯಿತು. ಅಳೆದರು, 138 ಸೆಂಟಿಮೀಟರ್. ಹಾಳೆಯ ಮೇಲೆ ಎರಡು ಅಂಕಿಗಳನ್ನು ಬರೆದರು: 50, 32. "ತಕ್ಕಡಿ ಹೇಳೋದು ಐವತ್ತು. ಈ ಎತ್ತರದ ಹುಡುಗ ಇರಬೇಕಾದ್ದು ಮೂವತ್ತೆರಡರ ಆಸುಪಾಸು. ಕೊಬ್ಬಿನಲ್ಲಿ ನೀರು ಕಡಿಮೆ. ಐವತ್ತರ ಲೆಕ್ಕದಲ್ಲಿ ಗ್ಲೂಕೋಸು ನೀರು ಹಾಕಿದರೆ ಅದು ಎದೆಗೂಡಿನಲ್ಲಿ ನಿಂತು ಉಸಿರಾಟಕ್ಕೆ ತೊಂದರೆ ಆಗುತ್ತೆ. ಕಡಿಮೆ ಹಾಕಿದರೆ ರಕ್ತದೊತ್ತಡ ಬೀಳುತ್ತೆ. ಅದಕ್ಕೇ ಮೂವತ್ತೆರಡರ ಲೆಕ್ಕ ಇಟ್ಟುಕೊಂಡು ಗಂಟೆಗಂಟೆಗೂ ನೋಡ್ತೀವಿ."

ಆ ಎರಡು ರಾತ್ರಿಗಳನ್ನು ವರ್ಣಿಸುವ ಇಚ್ಛೆ ನನಗಿಲ್ಲ, ಮಕ್ಕಳಿರುವವರು ಊಹಿಸಿಕೊಳ್ಳಬಲ್ಲರು. ದಾದಿಯರು ನರ ಹುಡುಕಲು ಪಟ್ಟ ಪಾಡು, ತೋಳಿಗೆ ದೊಡ್ಡ ಪಟ್ಟಿ ತಂದು ರಕ್ತದೊತ್ತಡ ನೋಡಿದ್ದು, ಮಂಚದ ತುದಿಯಲ್ಲಿ ತೂಗುತ್ತಿದ್ದ ಆ ಹಾಳೆ. ಇಪ್ಪತ್ತೈದು ಹಳೆಯ ಕಾವ್ಯಗಳನ್ನು ಪಾಠ ಹೇಳಿದವನಿಗೆ ಆಗ ಓದಲು ಬೇಕಾಗಿದ್ದುದು ಆ ಎರಡು ಅಂಕಿಗಳು ಮಾತ್ರ. ಇವನ ಮೈಯೊಳಗೆ ಇನ್ನೊಬ್ಬ ಮೂವತ್ತೆರಡು ಕಿಲೋದ ಹುಡುಗ ಇದ್ದಾನೆ. ವೈದ್ಯರು ಬದುಕಿಸಲು ಹೆಣಗುತ್ತಿರುವುದು ಅವನನ್ನು ಎಂದು ನನಗನ್ನಿಸುತ್ತಿತ್ತು. ಮೂರನೆಯ ಬೆಳಗ್ಗೆ ಅವನು ಕಣ್ಣು ಬಿಟ್ಟು ಇಡ್ಲಿ ಕೇಳಿದ. ಮಗು ದಕ್ಕಿತು.

ಮನೆಗೆ ಬಂದ ಮೇಲೆ ವೈದ್ಯೆ ಹೇಳಿದ್ದನ್ನು ಅಜ್ಜಿಗೆ ತಿಳಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಕ್ಕಳಿಗೆ ಅನ್ನ ಹಾಕ್ಬಾರ್ದಾ?" ಎಂದಳು. ಪ್ರಶ್ನೆ ಚಿಕ್ಕದು; ಉತ್ತರ ಚಿಕ್ಕದಲ್ಲ. ನನ್ನ ಹೆಂಡತಿ ಅವಳ ಪಕ್ಕದಲ್ಲಿ ಕುಳಿತು, "ಹಾಕ್ಬೇಕು ಅಜ್ಜಿ. ನೀವು ಮಾಡೋ ಮುದ್ದೆ, ಬಸ್ಸಾರು, ಸೊಪ್ಪು ಹಾಕಿ. ಅಂಗಡಿ ಬಿಸ್ಕತ್ತು, ಬಾಟ್ಲಿ ನೀರು ಬೇಡ. ಸಂಜೆ ಅವನನ್ನ ಆಟಕ್ಕೆ ಅಟ್ಟಿ" ಎಂದಳು. ಅಜ್ಜಿ, "ಅದೇ ತಾನೇ ನಾವು ತಿಂತಿದ್ದದ್ದು" ಎಂದು ಎದ್ದು ಒಳಗೆ ಹೋದಳು.

ಅವಳ ಪ್ರಶ್ನೆಯಲ್ಲಿದ್ದ ಎಚ್ಚರವನ್ನು ನಾವು ಕಡೆಗಣಿಸುವಂತಿಲ್ಲ. ಈ ನಾಡಿನ ಮೂರರಲ್ಲೊಂದು ಮಗು ಇಂದಿಗೂ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಅಂಥ ಮಗುವಿನ ತಟ್ಟೆಯ ಮೇಲೆ ಕೈಯಿಡುವ ಉಪದೇಶ ಯಾರಿಂದ ಬಂದರೂ ಅದು ಪಾಪವೇ. ದಪ್ಪಗಿರುವ ಮಗುವನ್ನು ಶಾಲೆಯಲ್ಲಿ ಹೆಸರಿಟ್ಟು ಹಾಸ್ಯಮಾಡುವುದೂ ಅದಕ್ಕೆ ಕಡಿಮೆಯ ಪಾಪವಲ್ಲ. ಅವಮಾನದಿಂದ ಯಾವ ಮಗುವಿನ ಮೈಯೂ ಕರಗಿದ್ದಿಲ್ಲ, ಮನಸ್ಸು ಮಾತ್ರ ಕರಗುತ್ತದೆ. ಅಲ್ಲದೆ ಇದು ಒಂದು ಮನೆಯ ಅಡಿಗೆಮನೆಯಲ್ಲಿ ಮಾತ್ರ ಹುಟ್ಟಿದ ರೋಗವೂ ಅಲ್ಲ. ಆಟದ ಬಯಲಿಲ್ಲದ ಶಾಲೆ, ನಡೆಯಲು ಜಾಗವಿಲ್ಲದ ರಸ್ತೆ, ಐದು ರೂಪಾಯಿಗೆ ದೊರೆಯುವ ಕರಿದ ಪೊಟ್ಟಣ, ಇವೆಲ್ಲ ಸೇರಿ ಒಂದು ಮಗುವನ್ನು ಕೂರಿಸಿ ತಿನ್ನಿಸುತ್ತವೆ. ಕಾಲರಾವನ್ನು ಜನ ಗೆದ್ದುದು ಮನೆಮನೆಯಲ್ಲಿ ನೀರು ಕಾಯಿಸಿ ಮಾತ್ರವಲ್ಲ. ಊರಿಗೆ ಶುದ್ಧ ನೀರಿನ ನಲ್ಲಿ ಬಂದಮೇಲೆ.

ನಮ್ಮ ಬೀದಿಯ ಕೊನೆಯಲ್ಲೊಂದು ಅಂಗನವಾಡಿಯಿದೆ. ತಿಂಗಳಿಗೊಮ್ಮೆ ಅಲ್ಲಿನ ಕಾರ್ಯಕರ್ತೆ ಮಕ್ಕಳನ್ನು ಒಂದೊಂದಾಗಿ ತಕ್ಕಡಿಯ ಮೇಲೆ ನಿಲ್ಲಿಸಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತಾಯಂದಿರಿಗೆ ಅದು ಬೇಸರದ ಕೆಲಸ. ಬರೆಯುವವರಿಗೆ ಇನ್ನೂ ಬೇಸರ. ಕಾಲೇಜಿಗೆ ಹೋಗುವ ದಾರಿಯಲ್ಲಿ ಈಗೀಗ ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. 1934ರಲ್ಲಿ ಇದೇ ಊರಿನ ಆಸ್ಪತ್ರೆಯಲ್ಲಿ ಯಾರೋ ದಾದಿ ಹೀಗೆಯೇ ಬೇಸರಪಟ್ಟುಕೊಂಡು ಬರೆದ ಅಂಕಿಯಿಂದ ಜಗತ್ತು ಒಂದು ಪಾಠ ಕಲಿಯಿತು. ಆ ಪುಸ್ತಕದಲ್ಲಿ ಕೆಳಗಿಳಿಯುವ ಗೆರೆಗೂ, ಮಿತಿಮೀರಿ ಮೇಲೇರುವ ಗೆರೆಗೂ ಸಮನಾದ ಜಾಗವಿದೆ. ಗುಂಡುಕಲ್ಲಿನ ಹಾಗಿರು ಎಂದು ಹರಸಿದ ಹಿರಿಯರು ಬಯಸಿದ್ದೂ ಕಲ್ಲಿನ ಗಾತ್ರವನ್ನಲ್ಲ, ಕಲ್ಲಿನ ಗಟ್ಟಿತನವನ್ನು.